ನನ್ನ ಮಾರು, ಅವನ ಮಾರು

ಇಷ್ಟು ವರ್ಷವಾದರೂ ಆ ಭಾನುವಾರ ನೆನಪಾದರೆ ಮೈಯೆಲ್ಲ ಉರಿಯುತ್ತದೆ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುವವರು ನನ್ನಣ್ಣನ ಜೊತೆ ಜೀಪಿನಲ್ಲಿ ಚನ್ನಗಿರಿಯಿಂದ ಜಗಳೂರಿನ ತನಕ ಹೋಗಿಲ್ಲ, ಅಷ್ಟೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮಿಬ್ಬರಿಗೂ ಹವ್ಯಾಸಿ ರೇಡಿಯೊದ ಹುಚ್ಚು. ಅಣ್ಣ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಇಬ್ಬರೂ ಒಟ್ಟಿಗೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆದಿದ್ದೆವು. ಅವನಿಗೊಂದು ಕಾಲ್ ಸೈನ್, ನನಗೊಂದು. ರೇಡಿಯೊದಲ್ಲಿ ಅದೇ ನಮ್ಮ ಹೆಸರು. ಹವ್ಯಾಸಿಗಳಿಗೆಂದು ವರ್ಷಕ್ಕೊಮ್ಮೆ ಒಂದು ಸ್ಪರ್ಧೆ ನಡೆಯುತ್ತಿತ್ತು. ಅದರಲ್ಲಿ ಬೆಳಗಿನಿಂದ ಹೊತ್ತು ಮುಳುಗುವುದರೊಳಗೆ ನಾಲ್ಕು ಊರುಗಳಿಗೆ ಹೋಗಿ, ಅಲ್ಲಲ್ಲೇ ಏರಿಯಲ್ ಕಟ್ಟಿ, ಪ್ರತಿ ಊರಿನಿಂದ ಇಪ್ಪತ್ತು ಸ್ಟೇಷನ್‌ಗಳ ಜೊತೆ ಮಾತಾಡಬೇಕಿತ್ತು. ಮೊದಲಿನಿಂದ ಕೊನೆಯವರೆಗೂ ಒಂದೇ ಕಾಲ್ ಸೈನ್ ಇರಬೇಕು. ಹಿಂದಿನ ವರ್ಷ ಅವನ ಕಾಲ್ ಸೈನಿನಲ್ಲಿ ಹೋಗಿದ್ದೆವು. ಈ ವರ್ಷ ನನ್ನದು, ಮಾತಾಡುವವಳೂ ನಾನೇ ಎಂದು ಅವ್ವನ ಎದುರಿಗೇ ಒಪ್ಪಿದ್ದ.

ಏರಿಯಲ್ ಪೂರ್ತಿ ನನ್ನ ಕೆಲಸ. ಅಡಿಕೆ ಕೊಯ್ಯುವ ದೋಟಿಯ ತುದಿಗೆ ತಂತಿಯ ನಡುಭಾಗ ಕಟ್ಟಿ ಎತ್ತಿ ನಿಲ್ಲಿಸಿ, ಎರಡು ಕೊನೆಗಳನ್ನು ಎರಡು ಕಡೆ ಗೂಟಕ್ಕೆ ಎಳೆದು ಬಿಗಿಯುವುದು. ಒಂದೊಂದು ಕಡೆಗೆ ಆರೂವರೆ ಮಾರು. ಹೂವಿನವಳು ಮಾಲೆ ಅಳೆಯುವ ಹಾಗೆ ಎರಡೂ ತೋಳು ಚಾಚಿ ಅಳೆಯುತ್ತಿದ್ದೆ. ಮೀಟರ್ ನೋಡುತ್ತ, ಚೂರು ಚೂರೇ ಕತ್ತರಿಸುತ್ತ, ಎಷ್ಟೋ ಭಾನುವಾರ ಕಳೆದು ಹಿಡಿದ ಅಳತೆ ಅದು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ.

ಚನ್ನಗಿರಿಯ ಹೊರಗೆ ಮೊದಲು ದೋಟಿ ಎತ್ತಿದೆವು. ಗಾಳಿಗೆ ಅದು ವಾಲುತ್ತಿತ್ತು, ನಾನು ಅಪ್ಪಿ ಹಿಡಿದುಕೊಂಡೆ. ಜೀಪಿನೊಳಗೆ ಅಣ್ಣ ಮೈಕ್ ಎತ್ತಿಕೊಂಡು ಕರೆಯುವುದು ಕೇಳಿಸಿತು. ತನ್ನ ಕಾಲ್ ಸೈನ್ ಹೇಳುತ್ತಿದ್ದ!

"ಅಣ್ಣಾ, ಏನ್ ಮಾಡ್ತಿದೀಯ? ಈ ಸಲ ನಂದು, ಮೈಕ್ ನಂಗೆ ಕೊಡು!" ಎಂದು ಕೂಗಿದೆ.

"ಸುಮ್ನಿರವ್ವ, ಗದ್ಲ ಭಾಳ ಐತೆ. ಇದರಾಗೆ ನಿನ್ನ ದನಿ ಯಾರಿಗೂ ಮುಟ್ಟಲ್ಲ."

ಹೋಗಿ ಮೈಕ್ ಕಿತ್ತುಕೊಳ್ಳಬೇಕಿತ್ತು. ಕೈಬಿಟ್ಟರೆ ದೋಟಿ ಬಿದ್ದು ಕೆಲಸವೇ ಕೆಡುತ್ತದೆ ಎಂದು ನಿಂತುಬಿಟ್ಟೆ. ಅವನ ಇಪ್ಪತ್ತು ಮುಗಿಯುವ ತನಕ ಬಿಸಿಲಲ್ಲಿ ಕಂಬವಾಗಿ ನಿಂತೆ. ಅದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ.

ನ್ಯಾಮತಿಯಲ್ಲಿ ಜಗಳಕ್ಕೆ ನಿಂತರೆ ನಿಯಮ ತೆಗೆದ. "ಒಂದೇ ಕಾಲ್ ಸೈನ್ ಇರಬೇಕಲ್ಲ? ಈಗ ನಿಂದು ಹೇಳಿದ್ರೆ ಚನ್ನಗಿರಿದೆಲ್ಲ ದಂಡ ಆಗ್ತೈತೆ. ಮುಂದಿನ ವರ್ಷ ನಿಂದೇ." ಹಿಂದಿನ ವರ್ಷವೂ ಇದನ್ನೇ ಹೇಳಿದ್ದ. ಮಾತು ಮುರಿದವನೂ ಇವನೇ, ನಿಯಮ ಹೇಳುವವನೂ ಇವನೇ. ನಾಚಿಕೆಗೇಡಿ!

ಹೊನ್ನಾಳಿಯಲ್ಲಿ ತಂತಿಯ ಒಂದು ಕೊನೆಯನ್ನು ರಸ್ತೆಯಾಚೆಯ ಬೇವಿನ ಮರಕ್ಕೆ ಕಟ್ಟಿದ. ಹುಲ್ಲಿನ ಗಾಡಿ ಬಂದರೆ ಹರಿಯುತ್ತದೆ ಎಂದೆ. "ಯಾವ ಗಾಡೀನೂ ಬರಲ್ಲ ಬಿಡು" ಎಂದ. ಅವನ ಇಪ್ಪತ್ತು ಮುಗಿಯುವ ಹೊತ್ತಿಗೆ ಗಾಡಿ ಬಂತು, ತಂತಿಯನ್ನು ಹುಲ್ಲಿನ ಜೊತೆ ಎಳೆದುಕೊಂಡೇ ಹೋಯಿತು. ಪೇಟೆಯಲ್ಲಿ ಹೊಸ ತಂತಿ ಕೊಂಡೆವು.

"ನೀನು ತಿನ್ನಾಕೆ ಏನಾದ್ರೂ ತಗಂಡ್ ಬಾ, ನಾನು ಅಳ್ದು ಕಟ್ತೀನಿ" ಎಂದ. ನಾನು ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಬರುವಷ್ಟರಲ್ಲಿ ತಂತಿ ಸಿದ್ಧವಾಗಿತ್ತು.

ಜಗಳೂರಿನ ಬಯಲಿಗೆ ಬಂದಾಗ ಸಂಜೆಯ ಬಿಸಿಲು. ದೂರದಲ್ಲಿ ಕುರಿ ಮೇಯುತ್ತಿದ್ದವು. ಅಣ್ಣ ಅರ್ಧ ಗಂಟೆ ಕರೆದ. ಬೇರೆಯವರು ಮಾತಾಡುವುದು ನಮಗೆ ಚೆನ್ನಾಗಿ ಕೇಳುತ್ತಿತ್ತು, ಇವನ ಕರೆಗೆ ಮಾತ್ರ ಒಬ್ಬರೂ ಉತ್ತರ ಕೊಡಲಿಲ್ಲ. ಸೆಟ್ಟು ಮುಟ್ಟಿದರೆ ಸುಡುತ್ತಿತ್ತು; ಏರಿಯಲ್ಲಿನ ಅಳತೆ ತಪ್ಪಿದರೆ ಹಾಗಾಗುತ್ತದೆ.

"ಎಷ್ಟು ಮಾರು ತಗಂಡೆ?" ಎಂದು ಕೇಳಿದೆ.

"ಆರೂವರೆ. ನಿನ್ನ ಪುಸ್ತಕದಾಗೇ ಐತಲ್ಲ."

"ಯಾರ ಮಾರು?"

"ಮಾರು ಅಂದ್ರೆ ಮಾರು. ಅದರಾಗೆ ನಿಂದು ನಂದು ಏನು?"

ಅಣ್ಣ ನನಗಿಂತ ಒಂದು ತಲೆ ಎತ್ತರ. ಅವನ ತೋಳು ನನ್ನ ತೋಳಿಗಿಂತ ಎಷ್ಟು ಉದ್ದ ಎಂದು ಅವನಿಗೆ ಹೊಳೆದೇ ಇರಲಿಲ್ಲ. ನನ್ನ ನೋಟ್‌ಬುಕ್ಕು ಬೇಕು, ನನ್ನ ಅಳತೆ ಬೇಕು. ಅದನ್ನು ಅಳೆದವಳ ನೆನಪು ಮಾತ್ರ ಬೇಡ.

ತಂತಿ ಇಳಿಸಿ ಮತ್ತೆ ಅಳೆಯತೊಡಗಿದೆ. ಕುರಿ ಕಾಯುತ್ತಿದ್ದ ಅಜ್ಜನೊಬ್ಬ ಹತ್ತಿರ ಬಂದು, "ಏನವ್ವ, ಹೊಲ ಅಳೀತೀರೇನು?" ಎಂದ. "ಇಲ್ಲಜ್ಜ, ನಮ್ಮಣ್ಣನ ತಪ್ಪು ಅಳೀತಿದೀನಿ" ಎಂದೆ. ಒಂದೊಂದು ಕಡೆ ಸುಮಾರು ಮೂರು ಮೊಳ ಹೆಚ್ಚಿತ್ತು. ಕತ್ತರಿಸಿ ಎಸೆದೆ.

"ಶಭಾಷ್!" ಎಂದು ಅಣ್ಣ ತಾನೇ ದೋಟಿ ಎತ್ತಿ ನಿಲ್ಲಿಸಿದ. ಬಯಲಿನ ಗಾಳಿ ಜೋರಾಗಿತ್ತು. "ಬಾ, ಹಿಡ್ಕೋ. ಇಪ್ಪತ್ತು ಮುಗಿಸಿಬಿಡ್ತೀನಿ, ಹೊತ್ತೈತೆ ಇನ್ನೂ."

ನಾನು ನೆಟ್ಟಗೆ ಜೀಪಿಗೆ ಹೋಗಿ ಕೂತೆ. ಅವನ ಕಾಲ್ ಸೈನ್ ಹೇಳಿದರೆ ನಾಲ್ಕೂ ಊರು ಮುಗಿದು ಗೆದ್ದರೂ ಗೆಲ್ಲುತ್ತಿದ್ದ. ನನ್ನದು ಹೇಳಿದರೆ ಅವನ ಮೂರು ಊರು ಮಣ್ಣುಪಾಲು, ನನಗೂ ಗೆಲುವಿಲ್ಲ. ಮೈಕ್ ಎತ್ತಿಕೊಂಡು ನನ್ನದು ಹೇಳಿದೆ. ಮಾತಾಡಿದ ಸ್ಟೇಷನ್‌ಗಳನ್ನು ಬರೆದಿಡುವ ಲಾಗ್ ಪುಸ್ತಕದಲ್ಲಿ ಹೊಸ ಹಾಳೆ ತಿರುವಿದೆ.

"ಲೇ! ತಲೆ ಕೆಟ್ಟೈತೇನೆ ನಿಂಗೆ? ಬೆಳಗಿಂದ ಮಾಡಿದ್ದೆಲ್ಲ ಹಾಳು ಮಾಡ್ತಿದೀಯ!"

"ದೋಟಿ ನೆಟ್ಟಗೆ ಹಿಡ್ಕೊಳಣ್ಣ" ಎಂದೆ.

ಮೊದಲ ಕರೆಗೇ ಉತ್ತರ ಬಂತು. ಆಮೇಲೆ ಒಂದರ ಹಿಂದೆ ಒಂದು. ಬಯ್ಯುತ್ತಲೇ ನಿಂತಿದ್ದ ಅಣ್ಣ ದೋಟಿ ಮಾತ್ರ ಬಿಡಲಿಲ್ಲ. ಹೊತ್ತು ಮುಳುಗುವ ಮೊದಲೇ ಇಪ್ಪತ್ತು ತುಂಬಿತು. ಆ ಒಂದೇ ಊರಿನ ಲಾಗ್ ಸ್ಪರ್ಧೆಯವರಿಗೆ ಕಳಿಸಿದೆ. ಫಲಿತಾಂಶದ ಪಟ್ಟಿಯ ಕಟ್ಟಕಡೆಯಲ್ಲಿ ನನ್ನ ಕಾಲ್ ಸೈನ್ ಅಚ್ಚಾಗಿ ಬಂತು.

ಅವತ್ತು ವಾಪಸು ಬರುವಾಗ ಅಣ್ಣ ನನ್ನ ಕಡೆ ತಿರುಗಿದ. ತಪ್ಪಾಯಿತು ಎನ್ನುತ್ತಾನೇನೋ ಎಂದು ಕಾದೆ.

"ನಿನ್ನ ದನಿ ಚೆನ್ನಾಗೇ ಮುಟ್ತೈತೆ ಕಣವ್ವ" ಎಂದ.

"ಚನ್ನಗಿರಿಯಾಗೂ ನಂಗೆ ಇದೇ ದನಿ ಇತ್ತು" ಎಂದೆ.