ಉಂಡೆಯಕ್ಕನ ಕೈ, ಸರ್ಕಾರದ ತೂಕ

ಬೇಕರಿಯ ಹಿಂದಿನ ಕೋಣೆಯಲ್ಲಿ ಒಂದು ಉದ್ದನೆಯ ಮರದ ಮೇಜು. ಅದರ ಒಂದು ತುದಿಗೆ ನಾದಿಟ್ಟ ಹಿಟ್ಟಿನ ಗುಡ್ಡೆ, ಇನ್ನೊಂದು ತುದಿಗೆ ಎಣ್ಣೆ ಸವರಿದ ತಗಡಿನ ಅಚ್ಚುಗಳು. ನಡುವೆ ನಿಲ್ಲುವವಳು ಉಂಡೆಯಕ್ಕ. ಎಡಗೈ ಚಾಚಿ ಗುಡ್ಡೆಯಿಂದ ಒಂದು ಹಿಡಿ ಹಿಟ್ಟು ಹಿಡಿಯುವುದು, ಬಲಗೈಯಲ್ಲಿರುವ ತಗಡಿನಿಂದ ಅದನ್ನು ಕತ್ತರಿಸುವುದು, ಉಂಡೆ ಮಾಡಿ ಅಚ್ಚಿಗೆ ಹಾಕುವುದು, ಇಷ್ಟು ಅವಳ ಕೆಲಸ. ಆ ಹೆಸರು ಬಂದದ್ದೂ ಅದರಿಂದಲೇ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಸಹಿ ಹಾಕುವಾಗ ಮಾತ್ರ ಹೊರಗೆ ಬರುತ್ತಿತ್ತು.

ಮೂಲೆಯಲ್ಲಿ ತಕ್ಕಡಿ ಒಂದಿತ್ತು. ಪರೀಕ್ಷೆಗೆ ಅಧಿಕಾರಿ ಬಂದಾಗ ಬಟ್ಟೆಯಲ್ಲಿ ಒರೆಸಿ ಎದುರಿಗಿಡಲು ಅದು. ಉಳಿದ ದಿನ ಉಂಡೆಯಕ್ಕನ ಕೈಯೇ ತಕ್ಕಡಿ. ಅರ್ಧ ಕಿಲೋ ಎಂದರೆ ಅರ್ಧ ಕಿಲೋ. ಅವಳಿಗಿಂತ ಮುಂಚೆ ಅದೇ ಮೇಜಿನ ಹಿಂದೆ ನಿಂತಿದ್ದವಳು ಅವಳ ಅತ್ತೆ. ಕಣ್ಣು ಮಂಜಾದ ಮೇಲೆ ಅತ್ತೆ ತನ್ನ ಕೆಲಸವನ್ನು ಸೊಸೆಗೆ ಬಿಟ್ಟುಕೊಟ್ಟಳು. ಕಲಿಸುವಾಗ ಸೊಸೆಯ ಕೈಯ ಮೇಲೆ ತನ್ನ ಕೈ ಇಟ್ಟು ಹಿಟ್ಟು ಹಿಡಿಸಿದ್ದಳು. ಮಾತಿನಲ್ಲಿ ಹೇಳಿದ್ದು ಬಹಳ ಕಡಿಮೆ.

ಬ್ರೆಡ್ಡಿನ ಬೆಲೆ ಕಟ್ಟುವುದು ಸರ್ಕಾರ. ಬೇಕರಿಗಳಿಗೆ ಹಿಟ್ಟನ್ನು ಅರ್ಧ ಬೆಲೆಗೆ ಕೊಡುತ್ತಿದ್ದದ್ದೂ ಸರ್ಕಾರವೇ. ಆ ವರ್ಷ ಖಜಾನೆಯಲ್ಲಿ ದುಡ್ಡಿಲ್ಲ ಎಂಬ ಸುದ್ದಿ ಬಂತು. ಬೆಲೆ ಏರಿಸುತ್ತಾರೆ ಎಂದು ಎಲ್ಲರೂ ಕಾದರು. ಏರಿಸಲಿಲ್ಲ. ಬಂದ ಆದೇಶವೇ ಬೇರೆ: ಬ್ರೆಡ್ಡಿನ ಬೆಲೆ ಹಿಂದಿನಷ್ಟೇ, ತೂಕ ಇನ್ನು ಮೇಲೆ ನಾನೂರು ಗ್ರಾಂ. ಬೇಕರಿಗೆ ಬರುವ ಹಿಟ್ಟಿನ ಮೂಟೆಗಳೂ ಅದೇ ಲೆಕ್ಕಕ್ಕೆ ಇಳಿದವು.

ಉಂಡೆಯಕ್ಕನಿಗೆ ಇದು ದೊಡ್ಡ ವಿಷಯ ಅನ್ನಿಸಲೇ ಇಲ್ಲ. ಕಡಿಮೆ ಹಿಡಿದರಾಯಿತು ಅಂದುಕೊಂಡಳು. ಮೊದಲ ಉಂಡೆ ಸರಿಯಾಯಿತು, ಎರಡನೆಯದೂ ಸರಿಯಾಯಿತು. ಆಮೇಲೆ ಬ್ರೆಡ್ಡು ಸುಡುವ ಭಟ್ಟಿಯಣ್ಣನ ಜೊತೆ ಏನೋ ಮಾತಿಗೆ ನಿಂತಳು. ಮಾತು ಮುಗಿಸಿ ನೋಡಿದರೆ ಅಚ್ಚುಗಳಲ್ಲೆಲ್ಲ ಹಳೆಯ ಅರ್ಧ ಕಿಲೋ ಕೂತಿತ್ತು. ಮನಸ್ಸು ಅತ್ತ ಹೋದರೆ ಸಾಕು, ಕೈ ತನ್ನ ದಾರಿ ಹಿಡಿಯುತ್ತಿತ್ತು. ತಕ್ಕಡಿಗಿಟ್ಟು ಮಾಡೋಣವೆಂದರೆ ಕೆಲಸ ಕುಂಟುತ್ತಿತ್ತು. ಭಟ್ಟಿ ಕಾದು ಕೆಂಪಾಗಿ ಕೂತಿರುತ್ತಿತ್ತು, ಭಟ್ಟಿಯಣ್ಣನ ಮುಖ ಅದಕ್ಕಿಂತ ಕೆಂಪಾಗಿರುತ್ತಿತ್ತು.

ಬೇಕರಿಯ ಯಜಮಾನ ಮೊದಲು ನಕ್ಕ. ಜನಕ್ಕೆ ನೂರು ಗ್ರಾಂ ಪುಣ್ಯ ಹಂಚುತ್ತಿದ್ದೀಯಾ, ನನ್ನ ಹೆಸರಲ್ಲಾದರೂ ಹಂಚು ಎಂದ. ಒಂದು ವಾರ ಕಳೆಯುವಷ್ಟರಲ್ಲಿ ಆ ನಗು ಇಂಗಿಹೋಯಿತು. ಹಿಟ್ಟು ಬರುವುದು ಲೆಕ್ಕಕ್ಕೆ ತಕ್ಕಷ್ಟೇ, ಉಂಡೆ ದಪ್ಪವಾದರೆ ಬ್ರೆಡ್ಡುಗಳು ಕಡಿಮೆಯಾಗುತ್ತವೆ. ಮುಂದೆ ನಿಂತವರಿಗೆ ಹಳೆಯ ತೂಕ ಸಿಕ್ಕಿತು, ಸಾಲಿನ ಬಾಲದಲ್ಲಿದ್ದವರು ಬರಿಗೈಯಲ್ಲಿ ಹೋದರು. ಹಾಗೆ ಹೋಗುತ್ತಿದ್ದವರಲ್ಲಿ ದಿನವೂ ಇರುತ್ತಿದ್ದವರು ಖಜಾನೆ ಮಾವ.

ಖಜಾನೆ ಮಾವ ಎಂದರೆ ಸರ್ಕಾರದ ಖಜಾನೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮಂಡಿ ನೋವು, ಕೋಲು ಊರಿ ಬರಬೇಕು, ಎಷ್ಟು ಬೇಗ ಹೊರಟರೂ ಸಾಲಿನ ಕೊನೆಗೇ ಸೇರುವರು. ಮನೆಯಲ್ಲಿ ಹಾಸಿಗೆ ಹಿಡಿದ ಹೆಂಡತಿ. ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಬಿಟ್ಟರೆ ಆಕೆಗೆ ಬೇರೇನೂ ಇಳಿಯುತ್ತಿರಲಿಲ್ಲ. ಮೂರನೆಯ ದಿನವೂ ಬರಿಗೈ ಆದಾಗ ಅವರು ಹಿಂಬಾಗಿಲಿಗೆ ಬಂದು ಮೆಟ್ಟಿಲ ಮೇಲೆ ಕೂತರು. ಉಂಡೆಯಕ್ಕ ತಲೆ ತಗ್ಗಿಸಿ ಹಿಟ್ಟು ಹಿಡಿಯುತ್ತಲೇ ಇದ್ದಳು. ಕೊನೆಗೆ ತಡೆಯಲಾರದೆ, ಬೆಲೆ ಏರಿಸಿದ್ದರೆ ಇಷ್ಟು ಒದ್ದಾಟ ಇರುತ್ತಿರಲಿಲ್ಲವಲ್ಲ ಮಾವ ಎಂದು ಕೇಳಿದಳು.

"ಬೆಲೆ ಮುಟ್ಟಿದ್ರೆ ಜನ ಬೀದಿಗೆ ಬರ್ತಾರಮ್ಮ," ಎಂದರು ಅವರು. "ತೂಕ ಮುಟ್ಟಿದ್ರೆ ಮನೇಲಿ ಕೂತು, ಇವತ್ತು ಯಾಕೋ ಹಸಿವು ಜಾಸ್ತಿ ಅಂತಾರೆ. ಅಷ್ಟೇ ವ್ಯತ್ಯಾಸ."

ಆಮೇಲೆ ತಮ್ಮ ಪಿಂಚಣಿಯ ಕತೆ ತೆಗೆದರು. ನಿವೃತ್ತಿಯ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ, ಒಂದು ಕಾಸೂ ಕಡಿಮೆಯಾಗಿಲ್ಲ. ದುಡ್ಡು ಸಾಲದೆ ಸರ್ಕಾರ ನೋಟು ಅಚ್ಚು ಹಾಕಿಸಿ ಸಂಬಳ ಕೊಟ್ಟಿದೆ. ನೋಟು ಹೆಚ್ಚಾಯಿತು, ಹೊಲದಲ್ಲಿ ಗೋಧಿ ಹೆಚ್ಚಾಗಲಿಲ್ಲ. ಹಾಗಾಗಿ ಹಾಲು, ಔಷಧಿ, ಸೀಮೆಎಣ್ಣೆ ಎಲ್ಲಕ್ಕೂ ಕೊಟ್ಟು ಕೊನೆಗೆ ಕೈಯಲ್ಲಿ ಉಳಿಯುವುದು ಮೊದಲಿನ ಅರ್ಧ. ನನ್ನ ಪಿಂಚಣಿಯನ್ನೂ ಯಾರೋ ಸಣ್ಣ ಉಂಡೆ ಕಟ್ಟುತ್ತಿದ್ದಾರೆ, ಅವರ ಕೈ ಮಾತ್ರ ನಿನ್ನ ಕೈಯ ಹಾಗೆ ತಪ್ಪುವುದಿಲ್ಲ ಎಂದು ನಕ್ಕರು. ನಗು ಅರ್ಧಕ್ಕೇ ಕೆಮ್ಮಾಯಿತು.

ಅದೇ ಸಂಜೆ ಯಜಮಾನ ಉಂಡೆಯಕ್ಕನನ್ನು ಕರೆದು ಕೂರಿಸಿದ. ಹಿಟ್ಟು ಕತ್ತರಿಸುವ ಯಂತ್ರ ಮಾರುವವನೊಬ್ಬ ಬಂದುಹೋಗಿದ್ದಾನೆ, ತಿಂಗಳ ಕೊನೆಗೆ ಮತ್ತೆ ಬರುತ್ತಾನೆ ಎಂದ. ಯಂತ್ರಕ್ಕೆ ಹಳೆಯ ನೆನಪು ಇರುವುದಿಲ್ಲ, ಗುಂಡಿ ತಿರುಗಿಸಿದರೆ ಆಯಿತು ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಗಂಡ ಲಾರಿಯ ಜೊತೆ ಊರೂರು ಸುತ್ತುವವನು, ಅವನು ಕಳಿಸುವುದು ಬಾಡಿಗೆಗೆ ಸರಿಹೋಗುತ್ತಿತ್ತು. ಅತ್ತೆಯ ಕಣ್ಣಿನ ಔಷಧಿ, ಒಲೆಯ ಮೇಲಿನ ಪಾತ್ರೆ, ಎಲ್ಲವೂ ಈ ಮೇಜಿನ ಮೇಲೇ ನಿಂತಿದ್ದವು.

ಅಂದಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದಾಗ ಎಷ್ಟು ಹಿಡಿದಿದ್ದೇನೆ ಎಂದು ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. ಬಟ್ಟೆ ಒಗೆಯುವಾಗ ಸೋಪಿನ ತುಂಡು, ತರಕಾರಿ ಕೊಳ್ಳುವಾಗ ಆಲೂಗಡ್ಡೆ, ಎಲ್ಲವೂ ಹೆಚ್ಚೋ ಕಡಿಮೆಯೋ ಎಂಬ ಗೊಂದಲ. ಮನೆಯಲ್ಲಿ ಮೈದಾ ಕಲಸಿ ಹಿಡಿದು ಹಿಡಿದು ನೋಡಿದಳು. ಕೈ ಮೊಂಡು ಬಿದ್ದಿತ್ತು. ಗೋಡೆಗೊರಗಿ ಕೂತಿದ್ದ ಅತ್ತೆಗೆ ಕಾಣಿಸದಿದ್ದರೂ ಕೇಳಿಸುತ್ತಿತ್ತು, ಹಿಟ್ಟು ಪಾತ್ರೆಗೆ ಬೀಳುವ ಸದ್ದು, ಮತ್ತೆ ಎತ್ತುವ ಸದ್ದು, ನಡುವೆ ಸೊಸೆಯ ಉಸಿರು.

ಯಾಕೆ ಹಿಟ್ಟಿಗೆ ಹೊಡೆಯುತ್ತಿದ್ದೀಯಾ ಎಂದು ಕೇಳಿದಳು ಅತ್ತೆ. ಸೊಸೆ ಎಲ್ಲವನ್ನೂ ಹೇಳಿದಳು, ಯಂತ್ರದ ವಿಷಯವನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ಅಳು ಬಂತು. "ನೀವು ಕಲಿಸಿದ ತೂಕ ಅತ್ತೆ. ನನ್ನ ಕೈಗೆ ಮೋಸ ಮಾಡೋಕೆ ಬರಲ್ಲ."

ಅತ್ತೆ ಹಲ್ಲಿಲ್ಲದ ಬಾಯಲ್ಲಿ ಸಣ್ಣಗೆ ನಕ್ಕಳು.

"ನಾನು ನಿನಗೆ ಕಲಿಸಿದ್ದೇ ಮೋಸದ ತೂಕ ಕಣೇ. ನಾನು ಕೆಲಸಕ್ಕೆ ಸೇರಿದಾಗ ಬ್ರೆಡ್ಡು ಮುಕ್ಕಾಲು ಕಿಲೋ ಇತ್ತು. ಅದನ್ನ ಅರ್ಧಕ್ಕೆ ಇಳಿಸಿದಾಗ ನಾನೂ ಹೀಗೇ ಕೂತು ಅತ್ತಿದ್ದೆ. ನೀನು ಬರೋ ಹೊತ್ತಿಗೆ ಅಳು ನಿಂತಿತ್ತು, ಅದಕ್ಕೆ ನಿನಗೆ ಗೊತ್ತಾಗಲಿಲ್ಲ."

ಉಂಡೆಯಕ್ಕ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ಇದೇ ಸರಿಯಾದ ತೂಕ ಎಂದು ಹೊತ್ತುಕೊಂಡಿದ್ದ ಕೈಯನ್ನು, ಯಾರದೋ ಕೈಯನ್ನು ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದಳು. ಆಗ ಅಂಕೆಗೆ ತಂದದ್ದು ಹೇಗೆ ಎಂದು ಕೇಳಿದಳು. ಅತ್ತೆ ದಾರ ತಾ ಎಂದಳು. ಹಿಟ್ಟಿನ ಮೂಟೆಯ ಬಾಯಿ ಹೊಲಿದಿರುವ ದಪ್ಪ ದಾರವೇ ಆಗಬೇಕು, ಬೇರೆಯದು ಹಿಗ್ಗುತ್ತದೆ ಎಂದಳು.

ಸೊಸೆಯ ಎಡಗೈ ಹೆಬ್ಬೆರಳಿಗೆ ಒಂದು ಕುಣಿಕೆ, ಕಿರುಬೆರಳಿಗೆ ಒಂದು ಕುಣಿಕೆ, ನಡುವೆ ಅಂಗೈಯ ಅಡ್ಡಕ್ಕೆ ದಾರ. ಕೈ ಪೂರ್ತಿ ಬಿಚ್ಚಲು ಹೋದರೆ ದಾರ ಎಳೆಯುತ್ತದೆ. ಹೆಚ್ಚು ಹಿಡಿಯಬೇಕೆಂದರೂ ಕೈಗೆ ಜಾಗವಿಲ್ಲ. ಅತ್ತೆ ತಡವಿ ತಡವಿ ಗಂಟು ಹಾಕಿದಳು. ಹಿಟ್ಟು ಹಿಡಿಸಿ, ಅಂಗಡಿಯಿಂದ ಕೇಳಿ ತಂದ ತಕ್ಕಡಿಗಿಡಿಸಿ, ಮತ್ತೆ ಬಿಚ್ಚಿ ಇನ್ನಷ್ಟು ಬಿಗಿ ಮಾಡಿದಳು. ತಕ್ಕಡಿಯ ಮುಳ್ಳು ನಾನೂರರ ಗೆರೆಗೆ ಬಂದು ನಿಂತಾಗ, ಇನ್ನು ಮಲಗಿಕೋ ಎಂದು ಗೋಡೆಯ ಕಡೆ ತಿರುಗಿದಳು.

ದಾರ ಕಟ್ಟಿಕೊಂಡೇ ಉಂಡೆಯಕ್ಕ ದಿನ ತಳ್ಳಿದಳು. ಭಟ್ಟಿಯಣ್ಣ ರೇಗಿಸಿದ, ಅಕ್ಕನಿಗೆ ಸರ್ಕಾರ ಕೈಕೋಳ ಹಾಕಿದೆ ಎಂದ. ಬೆರಳ ಸಂದಿ ಕೆಂಪಾಯಿತು, ಸುಲಿಯಿತು, ಆಮೇಲೆ ಗಟ್ಟಿಯಾಯಿತು. ಒಂದು ದಿನ ದಾರ ಸಡಿಲವಾಗಿ ಜೋತಾಡುವುದು ಕಂಡಿತು. ಕೈ ತಾನಾಗಿಯೇ ಅಷ್ಟಕ್ಕೇ ನಿಲ್ಲುತ್ತಿತ್ತು.

ತಿಂಗಳ ಕೊನೆಗೆ ಯಂತ್ರದವನು ಬಂದ, ಬಣ್ಣದ ಚಿತ್ರಗಳನ್ನು ಮೇಜಿನ ಮೇಲೆ ಹರಡಿದ. ಯಜಮಾನ ಅವನನ್ನು ನಿಲ್ಲಿಸಿಕೊಂಡೇ ಅಚ್ಚುಗಳಿಂದ ಅಲ್ಲೊಂದು ಇಲ್ಲೊಂದು ಉಂಡೆ ಎತ್ತಿ ತಕ್ಕಡಿಗಿಟ್ಟ. ನಾನೂರು. ಇನ್ನೊಂದು ಇಟ್ಟ, ಅದೂ ನಾನೂರು. ಬೇಕೆಂದೇ ಉಂಡೆಯಕ್ಕನನ್ನು ಮಾತಿಗೆಳೆದು, ಗಂಡ ಯಾವ ಊರಿನಲ್ಲಿದ್ದಾನೆ, ಅತ್ತೆಯ ಕಣ್ಣು ಹೇಗಿದೆ ಎಂದು ವಿಚಾರಿಸಿದ. ಅವಳು ಉತ್ತರ ಹೇಳುತ್ತಲೇ ಹಿಡಿದದ್ದನ್ನೂ ತೂಗಿ ನೋಡಿದ. ಆಮೇಲೆ ಯಂತ್ರದವನಿಗೆ ಚಹಾ ತರಿಸಿ, ಸದ್ಯಕ್ಕೆ ಬೇಡ ಎಂದು ಕಳಿಸಿದ. ಉಂಡೆಯಕ್ಕ ಕುಣಿಕೆಗಳನ್ನು ಬೆರಳಿನಿಂದ ಕಳಚಿ ದಾರವನ್ನು ಕಸದ ಕಡೆ ಎಸೆದಳು. ಮೈಮೇಲಿನ ಮೂಟೆ ಇಳಿಸಿದಂತಾಯಿತು.

ಅಂದು ಸಾಲಿನ ಕೊನೆಯ ಬ್ರೆಡ್ಡು ಖಜಾನೆ ಮಾವನಿಗೆ ಸಿಕ್ಕಿತು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. "ಸಿಕ್ಕಿತಮ್ಮ ಅಂತೂ. ಎಷ್ಟು ಸಿಕ್ಕಿತು ಅಂತ ಮನೆಗೆ ಹೋಗಿ ಅವಳ ಹಸಿವನ್ನ ಕೇಳ್ಕೋತೀನಿ," ಎಂದು ಕೋಲು ಊರಿ ನಡೆದರು.

ಮನೆಯಲ್ಲಿ ಉಂಡೆಯಕ್ಕ ಕೆಲಸ ಉಳಿದ ಸುದ್ದಿ ಹೇಳಿ ಬ್ರೆಡ್ಡನ್ನು ಅತ್ತೆಯ ಮಡಿಲಲ್ಲಿಟ್ಟಳು. ಅತ್ತೆ ಅದನ್ನು ಅಂಗೈಯ ಮೇಲೆ ಒಮ್ಮೆ ಎತ್ತಿ ಇಳಿಸಿದಳು. ಒಳ್ಳೆಯದಾಯಿತು ಎಂದಳು. ನಂತರ ದಾರ ಎಲ್ಲಿ ಎಂದು ಕೇಳಿದಳು.

"ಇನ್ನೇನಕ್ಕೆ ಅದು? ಎಸೆದೆ."

"ಎಸೆದ್ಯಾ?" ಅತ್ತೆಯ ದನಿ ಏರಿತು. "ಮುಂದಿನ ಸಲ ತೂಕ ಇಳಿಸಿದಾಗ ಅದಕ್ಕೇ ಒಂದು ಗಂಟು ಬಿಗಿ ಮಾಡಿದ್ರೆ ಸಾಕಿತ್ತಲ್ಲೇ. ಆಗ ನಿನಗೆ ಅಳತೆ ಹಿಡಿದುಕೊಡೋಕೆ ನಾನಿರ್ತೀನಾ?"

ಉಂಡೆಯಕ್ಕ ಚಾಕು ಎತ್ತಿಕೊಂಡಳು, ಇಟ್ಟಳು. ಹಾಲು ಬಿಸಿಗಿಟ್ಟಳು, ಒಲೆ ಆರಿಸಿದಳು. ಕೊನೆಗೆ, ಈಗ ಬಂದೆ ಎಂದು ಚಪ್ಪಲಿ ಮೆಟ್ಟಿ ಬೇಕರಿಯ ಕಡೆ ಹೊರಟೇಬಿಟ್ಟಳು. ಇನ್ನೂ ಬೆಳಕಿತ್ತು. ಹಿಂಬಾಗಿಲ ಹತ್ತಿರ ಕಸದ ಗುಡ್ಡೆಯನ್ನು ಕೆದಕಿದಳು, ಬೂದಿಯಲ್ಲಿ ಕೈಯಾಡಿಸಿದಳು. ಅಂಗಳ ಗುಡಿಸುತ್ತಿದ್ದ ಭಟ್ಟಿಯಣ್ಣ, ಕಿವಿಯೋಲೆ ಏನಾದರೂ ಬಿತ್ತಾ ಅಕ್ಕ ಎಂದು ಕೇಳಿದ. ಆಗ ಅವಳ ಕಣ್ಣು ಅವನ ಪೊರಕೆಯ ಮೇಲೆ ಬಿತ್ತು. ಬಿಚ್ಚಿಹೋಗಿದ್ದ ಕಡ್ಡಿಗಳನ್ನು ಅವನು ಅದೇ ದಾರದಿಂದ ಬಿಗಿದು ಕಟ್ಟಿದ್ದ.

ಬೇರೆ ದಾರ ಕೊಡುತ್ತೇನೆ, ಇದನ್ನು ಬಿಚ್ಚಿಕೊಡು ಎಂದಳು. ಅವನು ಗೊಣಗುತ್ತಾ ಬಿಚ್ಚಿಕೊಟ್ಟ. ಎರಡು ಕುಣಿಕೆಗಳೂ ಹಾಗೇ ಇದ್ದವು. ಹೆಬ್ಬೆರಳಿಗೊಂದು ಸಿಕ್ಕಿಸಿದಳು, ಕಿರುಬೆರಳಿಗೊಂದು. ಅಲ್ಲೇ ನಿಂತು, ನೋಡೋಣವೆಂದು ಹಲ್ಲಿನಲ್ಲಿ ಕಚ್ಚಿ ಒಂದು ಗಂಟು ಬಿಗಿ ಮಾಡಿದಳು. ಈ ಸಲ ಕೈಗೆ ನೋವಾಗಲಿಲ್ಲ.