ಉಂಡ ಮೇಲೆ ಹೇಳುವ ಸುದ್ದಿ

ಅಡಿಸ್ ಅಬಾಬಾದ ನಮ್ಮ ಓಣಿಯಲ್ಲಿ ಸಾವಿನ ಸುದ್ದಿ ಹೇಳುವವರು ಅಸ್ನಾಕೆಚ್. ಯಾರೂ ನೇಮಿಸಿದ್ದಲ್ಲ, ಹಾಗೇ ನಡೆದು ಬಂದಿದೆ. ದೂರದಲ್ಲಿ ಯಾರಾದರೂ ತೀರಿಕೊಂಡರೆ ಸುದ್ದಿ ಮೊದಲು ಅವರ ಕಿವಿಗೆ ಬೀಳುತ್ತದೆ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸತ್ತವರ ಕಡೆಯವರಿಗೆ ಚೆನ್ನಾಗಿ ಉಣ್ಣಿಸುತ್ತಾರೆ, ಮಲಗಿಸುತ್ತಾರೆ. ಬೆಳಗಿನ ಜಾವ ಬಿಳಿ ಶಾಲು ಹೊದ್ದು, ನೆರೆಯವರನ್ನೆಲ್ಲ ಕರೆದುಕೊಂಡು ಬಂದು ಬಾಯಿ ಬಿಡುತ್ತಾರೆ.

ನಾನು ಹೊದಾನ್, ಜಿಬೂಟಿಯವಳು. ಅವರ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದೇನೆ, ಪೇಟೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ಈ ಊರಿನ ಅಚ್ಚರಿಗಳೆಲ್ಲ ನನಗೆ ಹಳತಾಗಿದ್ದವು. ಹೌದು ಅನ್ನುವುದಕ್ಕೆ ಇವರು ಸರಕ್ಕನೆ ಉಸಿರು ಒಳಗೆಳೆದುಕೊಳ್ಳುತ್ತಾರೆ. ಮೊದಮೊದಲು ಏನೋ ಅನಾಹುತವಾಯಿತೆಂದು ಗಾಬರಿ ಬೀಳುತ್ತಿದ್ದೆ. ಇವರು ಕ್ರೈಸ್ತರು, ನಾವು ಮುಸ್ಲಿಮರು. ಇವರು ಕೊಯ್ದ ಮಾಂಸ ನಾವು ಮುಟ್ಟುವುದಿಲ್ಲ, ನಾವು ಕೊಯ್ದದ್ದು ಇವರು ಮುಟ್ಟುವುದಿಲ್ಲ. ಬೇಳೆಯ ಅಡುಗೆಯಾದರೆ ಮಾತ್ರ ಒಂದೇ ತಟ್ಟೆಗೆ ಕೈ ಹಾಕುತ್ತೇವೆ. ಸುದ್ದಿ ಮುಚ್ಚಿಡುವ ಪದ್ಧತಿಯೂ ಗೊತ್ತಿತ್ತು. ಅದು ಅವರವರಲ್ಲಿ, ಹೊರಗಿನವಳಾದ ನನಗಲ್ಲ ಅಂದುಕೊಂಡಿದ್ದೆ.

ನನ್ನನ್ನು ಸಾಕಿದವಳು ಅಕ್ಕ ಸಹ್ರಾ. ಜಿಬೂಟಿಯ ಆಸ್ಪತ್ರೆಯಲ್ಲಿ ಮಲಗಿದ್ದಳು. ಹೋದ ಸಲ ನೋಡಲು ಹೋದಾಗ ಕೈ ಹಿಡಿದುಕೊಂಡು, "ನಾನು ಸತ್ತರೆ ನೀನೇ ಬಂದು ನನ್ನ ಮೈ ತೊಳೀಬೇಕು ಕಣೇ. ಕಂಡೋರ ಕೈ ನನ್ನ ಮೇಲೆ ಬೀಳೋದು ಬೇಡ" ಅಂದಿದ್ದಳು. ಹೂಂ ಅಂದಿದ್ದೆ. ಹುಟ್ಟಿದಾಗಿನಿಂದ ಅವಳು ನನ್ನನ್ನು ಕೇಳಿದ್ದು ಅದೊಂದೇ.

ಅವತ್ತು ಬೆಳಗಿನಿಂದ ಕರೆಂಟು ಇರಲಿಲ್ಲ, ನನ್ನ ಫೋನು ಸತ್ತು ಕೂತಿತ್ತು. ಸಂಜೆ ಅಂಗಡಿಯಿಂದ ಬಂದರೆ ಅಸ್ನಾಕೆಚ್ ಗೇಟಿನ ಹತ್ತಿರವೇ ನಿಂತಿದ್ದರು.

"ಬಾ ಮಗಳೇ, ಇವತ್ತು ನನ್ನ ಜೊತೆ ಊಟ."

"ಏನು ವಿಶೇಷ, ಎತೇತೆ?" ಅಂದೆ. ಹಿರಿಯ ಹೆಂಗಸರನ್ನು ಇಲ್ಲಿ ಹಾಗೇ ಕರೆಯುವುದು.

"ಊಟ ಹಾಕೋಕೂ ವಿಶೇಷ ಬೇಕಾ? ಬರೀ ಮೂಳೆ ಆಗಿದ್ದೀಯ. ಬೀದಿ ನಾಯಿನೂ ನಿನ್ನ ಮೂಸಲ್ಲ."

ಹುಳಿ ದೋಸೆಯಂಥ ಇಂಜೆರಾ ಮುರಿದು, ಬೇಳೆಯಲ್ಲಿ ಅದ್ದಿ, ತಾವೇ ನನ್ನ ಬಾಯಿಗಿಟ್ಟರು. ಸಾಕು ಅಂದರೂ ಬಿಡಲಿಲ್ಲ. ಯಾರ ಯಾರದೋ ಮದುವೆಯ ಪಜೀತಿ ಹೇಳಿ ನಗಿಸಿದರು, ನಾನು ನಕ್ಕೆ. ಹಿತ್ತಲ ಕೋಣೆ ಥಂಡಿ ಅಂತ ತಮ್ಮ ಮಂಚದ ಮೇಲೇ ಮಲಗಿಸಿಕೊಂಡರು. ಒಳ್ಳೆಯ ನಿದ್ದೆ ಬಂತು.

ಬೆಳಗ್ಗೆ ಎದ್ದರೆ ಅಂಗಳದ ತುಂಬ ಬಿಳಿ ಶಾಲುಗಳು. ಅಸ್ನಾಕೆಚ್ ನನ್ನ ಎರಡೂ ಕೈ ಹಿಡಿದರು. "ನಿನ್ನ ಅಕ್ಕ ಹೋದಳು ಮಗಳೇ. ನಿನ್ನೆ ಮಧ್ಯಾಹ್ನ."

ಹೆಂಗಸರೆಲ್ಲ ಎದೆ ಬಡಿದುಕೊಂಡು ಅತ್ತರು. ನನಗೆ ಅಳು ಬರಲಿಲ್ಲ. ಅಸ್ನಾಕೆಚ್ ಅವರ ಫೋನಿನಿಂದಲೇ ಭಾವನಿಗೆ ಮಾಡಿದೆ.

"ಸಂಜೆ ವಿಮಾನದವರೆಗೂ ಇಟ್ಟುಕೊಂಡು ಕಾದ್ವಿ" ಅಂದರು ಭಾವ. "ನಿನ್ನ ಫೋನು ಹತ್ತಲಿಲ್ಲ, ಮನೆಯೊಡತಿಗೆ ಹೇಳಿದ್ದೆ. ತಿಳಿಸ್ತೀನಿ ಅಂದಿದ್ರು. ನೀನು ಬರಲಿಲ್ಲ, ಮಣ್ಣು ಮಾಡಿದ್ವಿ."

"ಮೈ ತೊಳೆದದ್ದು ಯಾರು?"

"ಆಸ್ಪತ್ರೆ ಹತ್ತಿರ ಯಾರೋ ಒಬ್ಬ ಹೆಂಗಸು ಸಿಕ್ಕಳು. ಹೆಸರು ಕೇಳಲಿಲ್ಲ."

ಸಾವಿಗೆ ಬರುವವರು ಕೂರಲೆಂದು ಓಣಿಯವರು ಅಂಗಳದಲ್ಲಿ ಡೇರೆ ಹಾಕಿದರು. ಬಂದವರಿಗೆ ತಲೆಯಾಡಿಸುತ್ತ ಕೂತೆ. ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ಮೈಯೇ ನನ್ನದಲ್ಲ ಅನ್ನಿಸುತ್ತಿತ್ತು. ಡೇರೆ ಬಿಚ್ಚಿದ ಮೇಲೆ ಕೇಳಿದೆ.

"ಮಧ್ಯಾಹ್ನವೇ ಅಂಗಡಿಗೆ ಬಂದು ಯಾಕೆ ಹೇಳಲಿಲ್ಲ ಎತೇತೆ? ಸಂಜೆ ವಿಮಾನ ಸಿಗ್ತಿತ್ತು."

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಪೇಟೇಲಿ ಕೂತೋಳಿಗೆ, ಹಸಿದ ಹೊಟ್ಟೇಲಿ ಹೇಳೋಕಾಗುತ್ತಾ? ನನ್ನ ಗಂಡ ಸತ್ತಾಗ ಒಬ್ಬ ಅಯೋಗ್ಯ ಸಂತೇಲೇ ಹೇಳಿಬಿಟ್ಟ. ಅಲ್ಲೇ ಬಿದ್ದೆ. ಹೊಟ್ಟೇಲಿದ್ದ ಮಗು ಹೋಯ್ತು. ಅವತ್ತಿಂದ ನನ್ನೋರು ಯಾರಿಗೂ ಹಾಗಾಗೋಕೆ ಬಿಟ್ಟಿಲ್ಲ."

ನನ್ನೋರು ಅಂದರು. ನಾನು ಅವರಲ್ಲಿ ಒಬ್ಬಳಾಗಿದ್ದು ಅಕ್ಕನನ್ನು ಮಣ್ಣು ಮಾಡಿದ ಮೇಲೆ ತಿಳಿಯಿತು. ಅವರನ್ನು ಬೈಯಲಿಲ್ಲ, ಕ್ಷಮಿಸಲೂ ಇಲ್ಲ. ಬಾಡಿಗೆ ಕೋಣೆ ಬದಲಾಯಿಸಲಿಲ್ಲ.

ಈಗಲೂ ಅಸ್ನಾಕೆಚ್ ಒಮ್ಮೊಮ್ಮೆ ಗೇಟಿನಲ್ಲೇ ನಿಂತು ಊಟಕ್ಕೆ ಕರೆಯುತ್ತಾರೆ. ತಟ್ಟೆ ಮುಟ್ಟುವ ಮೊದಲು ಕೇಳುತ್ತೇನೆ, "ಯಾರು ಹೋದರು ಎತೇತೆ?"

"ಯಾರೂ ಇಲ್ಲ, ತಿನ್ನು" ಅನ್ನುತ್ತಾರೆ.

ಸಾಯಲು ನನ್ನ ರಕ್ತದವರು ಅಂತ ಇನ್ನು ಯಾರೂ ಉಳಿದಿಲ್ಲ. ಅದು ಇಬ್ಬರಿಗೂ ಗೊತ್ತು. ಆದರೂ ಕೇಳುತ್ತೇನೆ, ಆಮೇಲೆ ಉಣ್ಣುತ್ತೇನೆ.