ಕೊನೆಯ ಗಂಟು

ನಮ್ಮವರನ್ನು ಹೃದಯದ ಆಪರೇಷನ್ನಿಗೆ ಮಧ್ಯಾಹ್ನ ಒಳಗೆ ಕರೆದೊಯ್ಯುತ್ತೇವೆ ಎಂದಿದ್ದರು. ಕಗ್ಗದಾಸಪುರದ ಮನೆಯಿಂದ ಆಸ್ಪತ್ರೆಗೆ ಹೊರಟ ನಾನು ಹಲಸೂರಿನಲ್ಲಿ ಬಸ್ಸಿಳಿಯುವಾಗ ಬ್ಯಾಗಿನ ಪಟ್ಟಿಗೆ ಸಿಕ್ಕಿ ಕರಿಮಣಿ ಸರ ಕಿತ್ತುಹೋಯಿತು. ಹಾಳಾದ್ದು, ಇವತ್ತೇ ಆಗಬೇಕಿತ್ತೇ! ಶಕುನ ಗಿಕುನ ನಂಬುವವಳಲ್ಲ ನಾನು. ಆದರೂ ಬೋಳು ಕುತ್ತಿಗೆಯಲ್ಲಿ ಅವರೆದುರು ನಿಲ್ಲುವ ಧೈರ್ಯ ಬರಲಿಲ್ಲ. ತಾಳಿಯನ್ನೂ ಸಿಕ್ಕಷ್ಟು ಮಣಿಗಳನ್ನೂ ಕರ್ಚೀಫಿನಲ್ಲಿ ಸುತ್ತಿಕೊಂಡು ಹಳೇ ಬೀದಿಗಳಿಗೆ ನುಗ್ಗಿದೆ.

ಬೇರೆ ದಿನವಾಗಿದ್ದರೆ ಅಲ್ಲಿ ಸುಮ್ಮನೆ ಅಲೆಯುವುದೇ ನನಗೆ ಹಬ್ಬ. ಜಗಲಿಯ ಮನೆಗಳು, ಗ್ರಂಥಿಗೆ ಅಂಗಡಿಯ ಸೀಗೆಕಾಯಿ ವಾಸನೆ, ತಾಮ್ರದ ಹಂಡೆ ತೂಗುಹಾಕಿದ ಪಾತ್ರೆ ಅಂಗಡಿ. ಅಂದು ಎಲ್ಲವೂ ಅಡ್ಡ ಬಂದವು. ಹಂಡೆಗೆ ತಲೆ ತಾಗಿಸಿಕೊಂಡು ಅಂಗಡಿಯವನನ್ನೇ ಬೈದೆ. ಪಾಪ, ಅವನೇ ದಾರಿ ತೋರಿದ: "ಸರ ಪೋಣ್ಸೋರಾ? ಮೂಲೆ ತಿರ್ಗಿ, ಹೂವಿನಂಗಡಿ ಪಕ್ಕ."

ಗೂಡಿನಂಥ ಅಂಗಡಿಯಲ್ಲಿ ವಯಸ್ಸಾದ ಹೆಂಗಸೊಬ್ಬಳೇ ಇದ್ದಳು. ದಾರವನ್ನು ಕಾಲ್ಬೆರಳಿಗೆ ಸಿಕ್ಕಿಸಿ ಸರಸರ ಪೋಣಿಸಿದಳು. ಇನ್ನೇನು ಮುಗಿಯಿತು ಅನ್ನುವಾಗ ಕೈ ನಿಲ್ಲಿಸಿದಳು.

"ಹೂವಿನವಳು ದೇವಸ್ಥಾನಕ್ಕೆ ಹೋಗವ್ಳೆ. ಬರ್ಲಿ, ಇರು."

"ಅವರ್ಯಾಕೆ?"

"ಕೊನೇ ಗಂಟು ಮುತ್ತೈದೆ ಹಾಕ್ಬೇಕಮ್ಮ. ನಮ್ಮೆಜಮಾನ್ರು ಹೋದ್ಮೇಲೆ ನಾನು ಹಾಕಲ್ಲ."

ಕುಳಿತೆ, ಎದ್ದೆ, ಬೀದಿಗಿಳಿದು ನೋಡಿದೆ. ಹೂವಿನವಳ ಸುಳಿವಿಲ್ಲ. ಅಷ್ಟರಲ್ಲಿ ಆಸ್ಪತ್ರೆಯಿಂದ ಮೈದುನನ ಫೋನ್. "ಅತ್ತಿಗೆ, ಎಲ್ಲಿದ್ದೀರಾ? ರೆಡಿ ಮಾಡ್ತಿದ್ದಾರೆ."

ದಾರ ಕಸಿದುಕೊಂಡು ನಾನೇ ಗಂಟು ಹಾಕಹೋದೆ. ಅವಸರಕ್ಕೆ ತುದಿ ಜಾರಿತು, ಮಣಿಗಳು ಮಡಿಲಿಗೆ ಸುರಿದವು. ಆಕೆ ಮತ್ತೆ ಪೋಣಿಸಿದಳು.

"ನೀವೇ ಹಾಕ್ರೀ!" ಎಂದು ಕಿರುಚಿಯೇಬಿಟ್ಟೆ. "ಅವ್ರಿಗೆ ಆಪರೇಷನ್ ಇದೆ. ಒಳಗೆ ಕರ್ಕೊಂಡ್ಹೋಗ್ಬಿಡ್ತಾರೆ!"

"ಅದಕ್ಕೇ ಬೇಡ ಅಂತಿರೋದು. ನಾಳೆ ಏನಾದ್ರೂ ಆದ್ರೆ ನನ್ ಕೈನೇ ಬೈತೀಯ."

"ಬೈಯಲ್ಲ" ಎಂದೆ. ನನಗೆ ಅಳು ಬಂದಿತ್ತು. ಆಕೆ ಒಂದು ಕ್ಷಣ ನನ್ನ ಮುಖ ನೋಡಿ, ಕಣ್ಣು ಮುಚ್ಚಿಕೊಂಡು ಗಂಟು ಬಿಗಿದಳು.

"ಏನೂ ಆಗ್ಲಿಲ್ಲ ಅಂದ್ರೂ ಬಂದು ಹೇಳು. ಇಲ್ಲಾಂದ್ರೆ ನಂಗೆ ನಿದ್ದೆ ಹತ್ತಲ್ಲ" ಎಂದಳು.

ಆಟೋ ಹಿಡಿದು ಓಡಿದೆ. ಸ್ಟ್ರೆಚರ್ ಲಿಫ್ಟಿನ ಬಾಗಿಲಲ್ಲಿತ್ತು. ಅವರ ಕೈ ಮುಟ್ಟುವಷ್ಟು ಹೊತ್ತು ಸಿಕ್ಕಿತು, ಅಷ್ಟೇ.

ಅವರು ನಡೆಯುವಂತಾದ ಮೇಲೆ ಅವರನ್ನೇ ಕರೆದುಕೊಂಡು ಆ ಸರ ಪೋಣಿಸುವ ಅಂಗಡಿಗೆ ಹೋದೆ. ಆಕೆ ಎದ್ದು ನಿಂತಳು. ನನಗೆ ಬಾ ಅನ್ನಲಿಲ್ಲ, ಇವರಿಗೆ ಕೂರಿ ಅನ್ನಲಿಲ್ಲ. ಪಕ್ಕಕ್ಕೆ ಬಗ್ಗಿ ಬೀದಿಗೆಲ್ಲ ಕೇಳುವಂತೆ ಹೂವಿನವಳನ್ನು ಕೂಗಿದಳು:

"ಏ, ಬಾರೇ ಇಲ್ಲಿ! ನಾನು ಗಂಟು ಹಾಕಿದ್ದು ಕಣೇ. ನೋಡು, ಗುಂಡ್ಕಲ್ಲಂಗವ್ರೆ!"